ಯಾರದೋ ಚುಕ್ಕೆ

ಎರಡನೆಯ ಚಿತ್ರ ಪರದೆಯ ಮೇಲೆ ಪೂರ್ತಿ ಮೂಡುವವರೆಗೂ ಯಶೋಧರಾ ಕುರ್ಚಿಗೆ ಒರಗಲಿಲ್ಲ. ಮೂಡಿದ ಮೇಲೆ ಒರಗಿದಳು, ಆದರೆ ಅದರಿಂದ ಬೆನ್ನಿಗೆ ಯಾವ ಸುಖವೂ ಸಿಗಲಿಲ್ಲ. ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ, ಪಕ್ಕೆಲುಬಿನ ನೆರಳಿಗೆ ತಗುಲಿದಂತೆ, ಹುಣಸೆ ಬೀಜದಷ್ಟು ದೊಡ್ಡ ಬಿಳಿ ಚುಕ್ಕೆಯೊಂದು ಕೂತಿತ್ತು.

"ಇದು ದಾಸಪ್ಪಂದು," ಎಂದ ಹಿಂದೆ ನಿಂತಿದ್ದ ರವಿಕುಮಾರ್. ಚನ್ನಗಿರಿಯ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುವವನು ಅವನೇ. "ಅವನಿಗೆ ಏನೂ ಇಲ್ಲ ಅಂತ ಬರಕೊಟ್ಟು ಕಳಿಸಿದೀವಲ್ರೀ ಮೇಡಂ."

ಬೆಳಿಗ್ಗೆ ಹೊನ್ನಾಳಿಯಲ್ಲಿ ಬಸ್ಸು ಹತ್ತಿದಾಗ ಇದು ಒಂದು ಸಣ್ಣ ತೊಡಕು ಎಂದೇ ಯಶೋಧರಾ ನಂಬಿದ್ದಳು. ಬಸವಾಪಟ್ಟಣದ ಕರಿಬಸಮ್ಮ ಎಂಬಾಕೆಯ ಎದೆಯಲ್ಲಿ ಚುಕ್ಕೆ ಇದೆ ಎಂದು ಇಲ್ಲಿನ ಯಂತ್ರ ತೋರಿಸಿತ್ತು. ದಾವಣಗೆರೆಗೆ ಹೋಗಿ ಮತ್ತೆ ತೆಗೆಸಿದರೆ ಅಲ್ಲಿ ಏನೂ ಇರಲಿಲ್ಲ. ಸೆಂಟರಿನ ಒಡೆಯರಾದ ಡಾಕ್ಟರ್ ಬೆನಕಪ್ಪ ಸಿಟ್ಟಿನಿಂದ ಯಂತ್ರ ನಿಲ್ಲಿಸಿ ಅದನ್ನು ಮಾರಿದ ಕಂಪನಿಗೆ ಫೋನ್ ಮಾಡಿದ್ದರು. ಆ ಯಂತ್ರದ ಒಳಗಿನ ಸಾಫ್ಟ್‌ವೇರ್ ಯಶೋಧರಾಳದು. ಆದ್ದರಿಂದ ಬಂದವಳೂ ಅವಳೇ. ಹೀಗೆ ಊರೂರು ಅಲೆದು ಅವಳಿಗೆ ಸಾಕಾಗಿತ್ತು. ಹೋದ ವಾರ ಜಗಳೂರು, ಅದಕ್ಕೂ ಮುಂಚೆ ನ್ಯಾಮತಿ.

ಯಂತ್ರವೆಂದರೆ ಎಕ್ಸ್‌ರೇ ಚಿತ್ರವನ್ನು ಶುಚಿ ಮಾಡಿ ತೋರಿಸುವ ಒಂದು ಪೆಟ್ಟಿಗೆ. ಕಂಪ್ಯೂಟರಿನ ಪ್ರೊಸೆಸರ್ ಒಂದೇ ಆ ಕೆಲಸಕ್ಕೆ ಸಾಲದೆಂದು ಅದರೊಳಗೆ ಬೇರೊಂದು ಕಾರ್ಡನ್ನೂ ಕೂರಿಸಿದ್ದರು. ಮೊದಲೆಲ್ಲ ಪ್ರೊಸೆಸರ್ ತನ್ನ ಮೆಮೊರಿಯಲ್ಲಿದ್ದ ಚಿತ್ರವನ್ನು ನಕಲು ಮಾಡಿ ಕಾರ್ಡಿಗೆ ಕೊಡಬೇಕಾಗಿತ್ತು, ಕಾರ್ಡ್ ತಿದ್ದಿದ್ದನ್ನು ಮತ್ತೆ ನಕಲು ಮಾಡಿ ತರಬೇಕಾಗಿತ್ತು. ಅರ್ಧ ಹೊತ್ತು ಅದರಲ್ಲೇ ಹೋಗುತ್ತಿತ್ತು. ಎರಡೂ ಒಂದೇ ಮೆಮೊರಿಯನ್ನು, ಒಂದೇ ವಿಳಾಸಗಳಿಂದ ಬಳಸುವಂತೆ ಮಾಡಿದವಳು ಯಶೋಧರಾ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲಿನೊಳಗೆ ಇಳಿದು ಮಾಡುವ ಕೆಲಸ ಅದು. ಮುಗಿದ ದಿನ ಆಫೀಸಿನಲ್ಲಿ ಎಲ್ಲರಿಗೂ ಪೇಡೆ ಹಂಚಿದ್ದರು.

ಒಬ್ಬ ರೋಗಿಯ ಚಿತ್ರ ಮುಗಿದಾಗ ಕರ್ನೆಲ್ ಮೆಮೊರಿಯಲ್ಲಿ ಅದು ಇದ್ದ ಜಾಗವನ್ನು ಹಿಂದಕ್ಕೆ ಪಡೆದು ಮುಂದಿನ ರೋಗಿಯ ಚಿತ್ರಕ್ಕೆ ಕೊಡುತ್ತದೆ. ಕೊಡುವ ಮುನ್ನ ಕಾರ್ಡಿಗೆ ಆ ವಿಳಾಸ ಬಿಡು ಎಂದು ಹೇಳಬೇಕು, ಬಿಟ್ಟೆ ಎಂದು ಅದು ಹೇಳುವವರೆಗೂ ಕಾಯಬೇಕು. ಅವಳ ಕೋಡ್ ಹೇಳುತ್ತಿತ್ತು, ಕಾಯುತ್ತಲೂ ಇತ್ತು. ಆದರೆ ಕಾರ್ಡಿನ ಕೈಯಲ್ಲಿ ಅರ್ಧ ಕೆಲಸ ಉಳಿದಿದ್ದಾಗ ಅದು ಕಳಿಸುತ್ತಿದ್ದ ಇನ್ನೂ ಬಿಟ್ಟಿಲ್ಲ ಎಂಬ ಉತ್ತರವನ್ನು ಕೋಡ್ ಬಿಟ್ಟೆ ಎಂದೇ ತಪ್ಪಾಗಿ ಓದುತ್ತಿತ್ತು. ಹೊರಗೆ ಜನ ಹೆಚ್ಚಿದ್ದು ರವಿಕುಮಾರ್ ಬೇಗಬೇಗ ಮುಂದಿನವರನ್ನು ಕರೆದ ದಿನಗಳಲ್ಲಿ ಮಾತ್ರ ಹೀಗಾಗುತ್ತಿತ್ತು. ಅಂಥ ಒಂದು ದಿನ, ಕರಿಬಸಮ್ಮನಿಗಿಂತ ಮುಂಚೆ ಒಳಗೆ ಹೋಗಿದ್ದ ದಾಸಪ್ಪನ ಎದೆಯ ಚಿತ್ರದ ಒಂದು ತುಂಡು ತಡವಾಗಿ ಸಿದ್ಧವಾಗಿ, ಹಳೆಯ ವಿಳಾಸಕ್ಕೇ ಹೋಗಿ ಬಿತ್ತು. ಅಷ್ಟರಲ್ಲಿ ಆ ಜಾಗ ಕರಿಬಸಮ್ಮನದಾಗಿತ್ತು. ದಾಸಪ್ಪನ ಚಿತ್ರದಲ್ಲಿ ಅದೊಂದು ಕಡೆ ಮಸುಕು ಉಳಿಯಿತು. ಉಸಿರು ಹಿಡಿಯದೆ ಅಲುಗಾಡಿದ್ದಾನೆ ಎಂದುಕೊಂಡು ಸೆಂಟರಿನವರು ಬಿಟ್ಟರು.

ಈಗ ಅವಳು ಕಾರ್ಡನ್ನು ಪಕ್ಕಕ್ಕಿಟ್ಟು, ಇಬ್ಬರ ಮೂಲ ಚಿತ್ರಗಳನ್ನೂ ಬರೀ ಪ್ರೊಸೆಸರ್‌ನಿಂದ ನಿಧಾನವಾಗಿ ಮತ್ತೆ ಮಾಡಿಸಿದ್ದಳು. ಕರಿಬಸಮ್ಮನ ಎದೆ ಸ್ವಚ್ಛವಾಗಿತ್ತು. ಚುಕ್ಕೆ ದಾಸಪ್ಪನದು.

ಡಾಕ್ಟರ್ ಬೆನಕಪ್ಪ ಬಂದು ಎರಡೂ ಚಿತ್ರ ನೋಡಿದರು. ಬೈಯುತ್ತಾರೆಂದು ಅವಳು ಕಾದಳು. ಅವರು ಕನ್ನಡಕ ತೆಗೆದು ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಂಡರು. ಆ ಮಸುಕು ನೋಡಿ ನಾನು ಇನ್ನೊಮ್ಮೆ ತೆಗಿ ಅನ್ನಬೇಕಾಗಿತ್ತು, ಜನ ಕೂತಿದ್ದರು, ಅನ್ನಲಿಲ್ಲ ಎಂದಷ್ಟೇ ಹೇಳಿ ದಾಸಪ್ಪನಿಗೆ ಫೋನ್ ಹಚ್ಚಿದರು. ರಿಂಗಾಗಿ ರಿಂಗಾಗಿ ನಿಂತಿತು.

ಯಶೋಧರಾ ಹಿತ್ತಲ ಬಾಗಿಲಿಗೆ ಬಂದು ದಾವಣಗೆರೆಯಲ್ಲಿದ್ದ ತನ್ನ ಮ್ಯಾನೇಜರ್ ಪರಶುರಾಮ್‌ಗೆ ಎಲ್ಲವನ್ನೂ ಹೇಳಿದಳು. ಅವನು ಕೆಟ್ಟ ಮನುಷ್ಯನಲ್ಲ. ಅವಳ ಮಗಳಿಗೆ ಜ್ವರ ಬಂದಾಗ ತಾನೇ ಕಾರು ಕೊಟ್ಟು ಕಳಿಸಿದವನು. ಸಾವಧಾನವಾಗಿ ಕೇಳಿಕೊಂಡ. ಕೋಡ್ ಸರಿಮಾಡಿ ಎಲ್ಲ ಊರಿನ ಪೆಟ್ಟಿಗೆಗಳಿಗೂ ಅಪ್‌ಡೇಟ್ ಕಳಿಸೋಣ, ಯಂತ್ರದ ವೇಗ ಹೆಚ್ಚಿಸಿದ್ದೇವೆ ಅಂತ ಬರೆಯೋಣ, ರೋಗಿಗಳ ವಿಚಾರ ಆಯಾ ಡಾಕ್ಟರಿಗೆ ಬಿಟ್ಟದ್ದು ಎಂದ. ಯಂತ್ರಗಳನ್ನೆಲ್ಲ ಈಗಲೇ ನಿಲ್ಲಿಸಬೇಕು, ಹಳೆಯ ಚಿತ್ರಗಳನ್ನೆಲ್ಲ ಮತ್ತೆ ಮಾಡಿಸಬೇಕು ಎಂದು ಅವಳು ಹೇಳಿದಾಗ ಅವನ ದನಿ ತಗ್ಗಿತು.

"ಯೋಚನೆ ಮಾಡ್ರಿ ಯಶೋಧರಾ. ಆ ಕೋಡಿನ ಮೇಲೆ ಇರೋದು ನಿಮ್ಮ ಹೆಸರು."

"ನಂದೇ ಐತೆ ಸರ್. ಅದಕ್ಕೇ ಹೇಳ್ತಿರೋದು."

ನಾಳೆ ಮೀಟಿಂಗಿನಲ್ಲಿ ಮಾತಾಡೋಣ ಎಂದು ಅವನು ಫೋನಿಟ್ಟ. ಅವಳಿಗೆ ಬೇಸರವಿತ್ತು, ಆದರೆ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಸಿಟ್ಟಿಗೂ ಒಂದಿಷ್ಟು ಕಸುವು ಬೇಕಲ್ಲ. ಮನೆಯ ಸಾಲದ ಕಂತು, ಮಗಳ ಶಾಲೆ ಎಲ್ಲ ಒಮ್ಮೆ ತಲೆಯಲ್ಲಿ ಹಾದುಹೋದವು. ಆಮೇಲೆ ಒಳಗೆ ಬಂದು ಲ್ಯಾಪ್‌ಟಾಪ್ ತೆರೆದು, ಪೆಟ್ಟಿಗೆ ಇರುವ ಸೆಂಟರುಗಳಿಗೆಲ್ಲ ತನ್ನ ಹೆಸರಿನಲ್ಲೇ ಬರೆದಳು: ಯಂತ್ರ ಆಫ್ ಮಾಡಿ, ಮೂಲ ಚಿತ್ರಗಳನ್ನು ಅಳಿಸಬೇಡಿ, ಒಬ್ಬರ ಚಿತ್ರದಲ್ಲಿ ಇನ್ನೊಬ್ಬರ ತುಂಡು ಸೇರಿರಬಹುದು. ಕಳಿಸಿ ಲ್ಯಾಪ್‌ಟಾಪ್ ಮುಚ್ಚಿದಳು.

ಮುಂದಿನ ಕೋಣೆಯ ಬೆಂಚಿನ ಮೇಲೆ ಕರಿಬಸಮ್ಮ ಬೆಳಿಗ್ಗೆಯಿಂದ ಕೂತಿದ್ದಳು. ದಾವಣಗೆರೆಯವರು ಹೇಳಿದ್ದನ್ನು ನಂಬಬೇಕೋ ಇಲ್ಲಿನವರದ್ದನ್ನೋ ತಿಳಿಯದೆ, ಯಾರಾದರೂ ಒಬ್ಬರು ಖಂಡಿತವಾಗಿ ಹೇಳಲಿ ಎಂದು ಬಂದಿದ್ದಳು. ಊಟ ಸೇರದೆ ಕುಪ್ಪಸ ಭುಜದಲ್ಲಿ ಸಡಿಲಾಗಿತ್ತು. ಡಾಕ್ಟರು ಅವಳಿಗೆ ಯಾವ ಕಾಯಿಲೆಯೂ ಇಲ್ಲ, ಯಂತ್ರ ಇನ್ನೊಬ್ಬರ ಚಿತ್ರದ ತುಂಡನ್ನು ಅವಳದರಲ್ಲಿ ಸೇರಿಸಿತ್ತು ಎಂದು ಬಿಡಿಸಿ ಹೇಳಿದರು. ಆಕೆ ಕೈಮುಗಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದು ಬಾಗಿಲವರೆಗೆ ಹೋದವಳು ತಿರುಗಿ ಯಶೋಧರಾಳನ್ನು ನೋಡಿದಳು.

"ಹಂಗಾದ್ರೆ ಅದು ಯಾರ್ದು ತಾಯಿ?"

ರವಿಕುಮಾರ್ ಡಾಕ್ಟರತ್ತ ನೋಡಿದ.

"ಅವರಿಗೆ ಗೊತ್ತೈತಾ?"

"ಹೇಳಾಕೆ ಹೊಂಟೀವಿ," ಎಂದಳು ಯಶೋಧರಾ.

ಹೊರಟಿರಲಿಲ್ಲ. ಆ ಮಾತು ಬಾಯಿಂದ ಬಂದ ಮೇಲೆಯೇ ಹೊರಟದ್ದು.

ದಾಸಪ್ಪ ಉಬ್ರಾಣಿಯವನು, ಗಾರೆ ಕೆಲಸದವನು. ಈಚೆಗೆ ನಲ್ಲೂರಿನಲ್ಲಿ ಯಾವುದೋ ಹೊಸ ಮನೆಯ ಕೆಲಸಕ್ಕೆ ಹೋಗುತ್ತಿದ್ದಾನೆಂದು, ಮತ್ತೆ ಫೋನ್ ಹಚ್ಚಿದಾಗ ಎತ್ತಿದ ಅವನ ಹೆಂಡತಿ ಡಾಕ್ಟರಿಗೆ ಹೇಳಿದಳು. ಅವರು ರವಿಕುಮಾರನಿಗೆ ತಮ್ಮ ಕಾರಿನ ಕೀಲಿ ಕೊಟ್ಟು, ಸಂಜೆಯೊಳಗೆ ಅವನನ್ನು ಕರೆದುಕೊಂಡು ಬನ್ನಿ, ದಾವಣಗೆರೆಯ ಆಸ್ಪತ್ರೆಗೆ ನಾನೇ ಮಾತಾಡಿರುತ್ತೇನೆ ಎಂದರು. ದಾರಿಯುದ್ದಕ್ಕೂ ಯಶೋಧರಾಳ ಫೋನ್ ಬ್ಯಾಗಿನೊಳಗೆ ನಡುಗುತ್ತಲೇ ಇತ್ತು. ಪರಶುರಾಮ್ ಎಂದು ಒಮ್ಮೆ ನೋಡಿ ಗೊತ್ತಾದ ಮೇಲೆ ಮತ್ತೆ ನೋಡಲಿಲ್ಲ. ರವಿಕುಮಾರ್, ನಾನು ಅಷ್ಟು ಬೇಗ ಮುಂದಿನವರನ್ನು ಕರೀಬಾರದಾಗಿತ್ತೇನೋ ಎಂದ. ಬೇಗ ಕರೆದರೂ ಯಂತ್ರ ತಪ್ಪಬಾರದು ಎಂದೇ ತಾನು ಅದನ್ನು ಮಾಡಿದ್ದು ಎಂದು ಅವಳು ಹೇಳಿದಳು.

ಆ ಹೊಸ ಮನೆ ನಲ್ಲೂರಿನ ಆಚೆ ತುದಿಯಲ್ಲಿತ್ತು. ದಾಸಪ್ಪ ಹೊರಗೋಡೆಗೆ ಗಾರೆ ಹಚ್ಚುತ್ತ ಹಲಗೆಯ ಮೇಲೆ ನಿಂತಿದ್ದ. ನಲವತ್ತರ ಆಸುಪಾಸಿನ ಬಡಕಲು ಮೈ. ರವಿಕುಮಾರನನ್ನು ಗುರುತು ಹಿಡಿದು ಕೆಳಗಿಳಿದು ಬಂದ, ಡ್ರಮ್ಮಿನ ನೀರಿನಲ್ಲಿ ಕೈ ಅದ್ದಿ ಲುಂಗಿಗೆ ಒರೆಸಿಕೊಂಡ. ಯಶೋಧರಾ ದಾರಿಯಲ್ಲಿ ಜೋಡಿಸಿಕೊಂಡ ಮಾತುಗಳೆಲ್ಲ ಅವನೆದುರಿಗೆ ಉದ್ದವೆನಿಸಿದವು.

"ಅವತ್ತು ನಿಮಗೆ ಏನೂ ಇಲ್ಲ ಅಂತ ಹೇಳಿದ್ರು. ಅದು ತಪ್ಪು. ಯಂತ್ರದೊಳಗಿನ ತಪ್ಪು, ಅದನ್ನ ಮಾಡಿದವಳು ನಾನು. ಎದೆಯಾಗೆ ಒಂದು ಚುಕ್ಕೆ ಐತೆ. ಅದು ಏನು ಅಂತ ನಂಗೆ ಗೊತ್ತಿಲ್ಲ. ಇವತ್ತೇ ತೋರಿಸಬೇಕು, ಕರ್ಕಂಡು ಹೋಗಾಕೆ ಬಂದೀವಿ."

ಅವನು ಅವಳನ್ನೇ ನೋಡಿದ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ.

"ಕೆಮ್ಮು ಬಿಟ್ಟೇ ಇರ್ಲಿಲ್ರೀ. ಡಾಕ್ಟ್ರೇ ಏನೂ ಇಲ್ಲ ಅಂದ್ಮೇಲೆ ಸಿಮೆಂಟಿನ ಧೂಳಿರಬೇಕು ಅನ್ಕಂಡು ಸುಮ್ಮನಾದೆ." ತಲೆ ಅಲ್ಲಾಡಿಸಿದ. "ನೀವು ಹೇಳ್ದೆ ಇದ್ದಿದ್ರೆ ನಂಗೆ ಹೆಂಗೆ ಗೊತ್ತಾಗ್ತಿತ್ತು."

ಅದು ಪ್ರಶ್ನೆಯೋ, ಬೈಗುಳವೋ, ಉಪಕಾರ ನೆನೆದದ್ದೋ ಅವಳಿಗೆ ತಿಳಿಯಲಿಲ್ಲ. ಅವನು ತಿರುಗಿ ಬಾಂಡಲಿಯಲ್ಲಿ ಉಳಿದ ಗಾರೆಯತ್ತ ನೋಡಿದ.

"ಕಲಸಿಟ್ಟೀನಿ, ಬಿಟ್ರೆ ಗಟ್ಟಿಯಾಗ್ತೈತೆ. ಈ ಗೋಡೆ ಒಂದು ಮುಗಿಸಿ ಬರ್ಲೇನ್ರಿ?"

ರವಿಕುಮಾರ್ ಗಡಿಯಾರ ನೋಡಿಕೊಂಡ. ಯಶೋಧರಾ ಆಗಲಿ ಎಂದು ಅಲ್ಲೇ ಇದ್ದ ಇಟ್ಟಿಗೆಯ ರಾಶಿಯ ಮೇಲೆ ಕುಳಿತಳು. ದಾಸಪ್ಪ ಮತ್ತೆ ಹಲಗೆ ಹತ್ತಿದ. ಕರಣೆಯಿಂದ ಗಾರೆ ಎತ್ತಿ ಎರಚಿ, ಮಟ್ಟಗೋಲು ಎಳೆದು, ಒದ್ದೆ ಗೋಡೆಯ ಮೇಲೆ ಗಾರೆ ನುಣುಪು ಮಾಡುವ ಅಂಗೈಯಗಲದ ಹಲಗೆಯನ್ನು ಸುತ್ತಿಸುತ್ತ ಹೋದ. ಒಮ್ಮೆ ಕೆಮ್ಮು ಬಂತು. ಗೋಡೆಗೆ ತಾಗದಂತೆ ಮುಖವನ್ನು ಆಚೆ ತಿರುಗಿಸಿ ಕೆಮ್ಮಿದ, ಅದು ನಿಲ್ಲುವವರೆಗೂ ಒಂದು ಕೈಯಿಂದ ಕಾಲಡಿಯ ಹಲಗೆ ಕಟ್ಟಿದ್ದ ಕಂಬವನ್ನು ಹಿಡಿದುಕೊಂಡಿದ್ದ. ಆಮೇಲೆ ಮೂಲೆಯ ಹತ್ತಿರ ಬಾಗಿ, ಅಲ್ಲಿ ಉಳಿದಿದ್ದ ಸಣ್ಣ ಉಬ್ಬೊಂದನ್ನು ಬೆರಳಿನಿಂದ ಸವರಿ ನೋಡಿದ.