ತಿಮಿಂಗಿಲದ ಕತ್ತಿನ ಚುಕ್ಕಿ

ಕಣ್ಣಂಚಿನಲ್ಲಿ ಏನೋ ಮಿನುಗಿತಲ್ಲ, ಅಯ್ಯೋ, ಅದು ಹಂದನಕೆರೆ ರಸ್ತೆಯ ಬೈಕಿನ ದೀಪ, ಗಿರಿಜಾಂಬಿಕಾ ಟೆಲಿಸ್ಕೋಪಿನಿಂದ ಮುಖ ಎತ್ತಿದಳು — ಬಲಗಣ್ಣು, ಪೊರೆ ತೆಗೆಸಿ ತಿಂಗಳಾದ ಕಣ್ಣು, ಚೆನ್ನಾಗಿದೆ ಕಣಮ್ಮ ಅಂದರು ಡಾಕ್ಟ್ರು, ಅವರು ಎಲ್ಲರಿಗೂ ಹಾಗೇ ಅಂತಾರೆ, ಗೋಡೆ ಮೇಲಿನ ದಪ್ಪ ಅಕ್ಷರ ಓದೋದೇನು ಮಹಾ, ತಿಮಿಂಗಿಲ ನಕ್ಷತ್ರಪುಂಜದ ಕತ್ತಿನ ಆ ಚುಕ್ಕಿ ಕಂಡರೆ ತಾನೇ ಕಣ್ಣು ಬಂತು ಅನ್ನೋದು, ಕಾಣದಿದ್ದರೆ ಈ ಹುಚ್ಚು ಇವತ್ತಿಗೆ ಸಾಕು, ನಕ್ಷೆಯಲ್ಲಿ ನೋಡು, ಮೆಣಸಿನ ಕಾಳಿನಷ್ಟು ದಪ್ಪ, ಕಳೆದ ಸಂಕ್ರಾಂತಿಯಲ್ಲೂ ಹೀಗೇ ಇತ್ತು, ಆಕಾಶದಲ್ಲಿ ಮಾತ್ರ ಬರೀ ಬಯಲು, ಆಗ ಇವಳು ಮಾಡಿದ್ದೇನು, ತೆಂಗಿನ ಗರಿ ಅಡ್ಡ ಬಂದಿದೆ ಅಂತ ತೋಟದಾಳು ಸಣ್ಣತಿಮ್ಮಯ್ಯನನ್ನು ಮರ ಹತ್ತಿಸಿದಳು, ಹಸಿ ಗರಿ ಕಡುದ್ರೆ ಮರ ಸೊರಗ್ತದೆ ಬುಡ್ರಮ್ಮಾ, ಗೊಣಗುತ್ತಲೇ ಕಡಿದ, ಕೊಬ್ಬರಿ ಮಂಡಿಯಿಂದ ಬಂದ ಗಂಡ ಮಲ್ಲಿಕಾರ್ಜುನಯ್ಯ, ಚುಕ್ಕಿ ನೋಡಕ್ಕೆ ಫಲ ಬಿಡೋ ಮರಾನೇ ಬೋಳಿಸ್ತೀಯೇನೇ, ಗರಿ ಹೋದರೂ ಬಯಲು ಬಯಲಾಗೇ ಉಳೀತು, ಥೂ, ನೆನೆದರೆ ಈಗಲೂ ನಾಚಿಕೆ, ನಗುವೂ — ತಿಪಟೂರಲ್ಲಿ ಚುಕ್ಕಿ ನೋಡೋ ಗುಂಪು ಕಟ್ಟಿರೋ ತೋಂಟದಾರ್ಯ ಮೇಷ್ಟ್ರು ಫೋನಲ್ಲಿ ನಕ್ಕಿದ್ದೇ ನಕ್ಕಿದ್ದು, ಅದು ಉಬ್ಬಿ ಕುಗ್ಗೋ ನಕ್ಷತ್ರ ಗಿರಿಜಮ್ಮ, ಹನ್ನೊಂದು ತಿಂಗಳಿಗೊಂದ್ಸಲ ಬೆಳಗ್ತದೆ, ನಕ್ಷೆ ಬರೆದೋರು ಅದು ತುಂಬಿ ಬೆಳಗೋ ದಿನದ ಗಾತ್ರ ಬರೆದವ್ರೆ, ಹನ್ನೊಂದೇ, ಹಾಗನ್ನಿ ಮತ್ತೆ, ಅಟ್ಟಕ್ಕೆ ಹಾಕಿದ ಕಾಯಿ ನೀರಿಂಗಿ ಕೊಬ್ಬರಿ ಆಗಕ್ಕೂ ಅಷ್ಟೇ, ಆತುರಕ್ಕೆ ನಡುವೆ ಒಡೆದರೆ ಇತ್ತ ಕಾಯಿಯೂ ಅಲ್ಲ ಅತ್ತ ಕೊಬ್ಬರಿಯೂ ಅಲ್ಲ, ಕಾಯೋದನ್ನ ಈ ಸೀಮೆಯೋರಿಗೆ ಯಾರಪ್ಪ ಹೇಳಿಕೊಡಬೇಕು, ಕಾದಳು, ಕಾಯುತ್ತಿದ್ದ ಹಾಗೇ ಕಣ್ಣಿಗೆ ಪೊರೆ ಕಟ್ಟಿತು, ಮೊದಲು ಬಲಗಣ್ಣು, ಈಗ ಎಡಗಣ್ಣಿಗೂ, ದೀಪ ಎಲ್ಲ ಹಳದಿ, ಮುಖ ಎಲ್ಲ ಮಂಜು, ಮೇಷ್ಟ್ರ ಗುಂಪಿನೋರಿಗೆಲ್ಲ ಮೊನ್ನೆಯೇ ಕಂಡಿತಂತೆ, ಇಲ್ಲಿ ಮೋಡ ಅಂದಳು, ಇವತ್ತು ಮೋಡವೂ ಇಲ್ಲ ನೆಪವೂ ಇಲ್ಲ, ಹೆದರಿಕೆ ಕಣಮ್ಮ, ಸುಳ್ಳು ಯಾಕೆ ಹೇಳಲಿ — ಲೇ ಗಿರಿಜಾ, ಮುದ್ದೆ ಆರೋಯ್ತು ಬಾರೇ, ಬಂದೆ ಇರ್ರಿ, ಎಡಗಣ್ಣು ಮುಚ್ಚಿದಳು, ಬಲಗಣ್ಣು ಇಟ್ಟಳು, ಇದು ಬಿಳಿ, ಇದೂ ಬಿಳಿ, ನಿಧಾನ, ಕತ್ತಿನ ಹತ್ತಿರ ಬಂದೆ, ಇಲ್ಲಿ, ಇಲ್ಲೇ ಇರಬೇಕು — ಅಯ್ಯೋ ಶಿವನೇ, ಇದೆ, ಇದೆ ಕಣ್ರೀ, ಆದರೆ ಇದೇನಿದು, ನಕ್ಷೆಯಲ್ಲಿ ಎಲ್ಲದರಂಗೆ ಕಪ್ಪು ಚುಕ್ಕಿ, ಇಲ್ಲಿ ಕೆಂಪಗಿದೆಯಲ್ಲ, ಯಾರೂ ಹೇಳಲೇ ಇಲ್ಲವಲ್ಲ, ಮೇಷ್ಟ್ರೂ ಹೇಳಲಿಲ್ಲ, ಹೇಳದೇ ಕಂಡಿತು ಕಣ್ಣಿಗೆ, ಎಡಗಣ್ಣು ಇಟ್ಟರೆ ಬರೀ ಮಂಕು, ಬಲಗಣ್ಣು, ಕೆಂಪು, ಮತ್ತೆ ಎಡ, ಮಂಕು, ಬಲ — ಕೆಂಪು — ಕೆಂಪು.