ನಿಂತಿದ್ದ ವ್ಯಾನು

"ಈ ಉಪ್ಪಿನಕಾಯಿ ತಟ್ಟೆ ನಿಮ್ಮ ಕಾರು ಅಂತ ಇಟ್ಕೊಳ್ಳಿ ಟೀಚರ್. ಈ ಬಟ್ಟಲು ಪಾರ್ಸೆಲ್ ಹಂಚೋ ಅರಾಸೆಯ ವ್ಯಾನು." ವಿಮಾ ಕಂಪನಿಯ ಕುರಾಮೊತೊ ಚಹಾ ಬಟ್ಟಲನ್ನು ಸರ್ರನೆ ತಂದು ತಟ್ಟೆಗೆ ತಾಗಿಸಿದ. "ಅಡ್ಡರಸ್ತೆಯಿಂದ ನಿಲ್ಲದೆ ನುಗ್ಗಿದ. ಹತ್ತರಲ್ಲಿ ಎಂಟು ಪಾಲು ತಪ್ಪು ಅವನದು. ಎರಡು ಪಾಲು ನಿಮಗೂ ಬರುತ್ತೆ. ಎರಡೂ ಗಾಡಿ ಓಡ್ತಿದ್ರೆ ಯಾರೂ ಪೂರ್ತಿ ಸಾಚಾ ಅಲ್ಲ."

ಹಿಸಾನೊ ಬಟ್ಟಲನ್ನು ಹಿಂದಕ್ಕೆಳೆದು ಇಟ್ಟರು. "ಅವನು ನಿಂತಿದ್ದ."

ಎಪ್ಪತ್ತೇಳರ ಹಿಸಾನೊ ನಾಗಾನೊದ ಆ ಬೆಟ್ಟದೂರಿನ ಅರ್ಧ ಜನಕ್ಕೆ ವಿಜ್ಞಾನ ಕಲಿಸಿದವರು. ಕುರಾಮೊತೊನಿಗೂ ಅವರೇ ಟೀಚರ್. ಮರೆವಿನ ಕಾಯಿಲೆಯ ಗಂಡ ತೇಯ್ಜೊ ಕಣಿವೆಯಾಚೆಯ ಆರೈಕೆ ಮನೆಯಲ್ಲಿದ್ದರು. ದಿನವೂ ಕಾರಿನಲ್ಲಿ ಹೋಗಿ ಅವರಿಗೆ ಊಟ ಮಾಡಿಸಿ ಬರುವುದು ಹಿಸಾನೊ ಎಂದೂ ತಪ್ಪಿಸದ ಕೆಲಸ. ಬಸ್ಸುಗಳು ಕಡಿಮೆ, ಇಳಿದ ಮೇಲೆ ಏರುದಾರಿ ಬೇರೆ.

"ನಿಂತಿದ್ದೆ ಅಂತ ಅವನೂ ಹೇಳ್ದ. ಪಾರ್ಸೆಲ್‌ನವರು ನಿಲ್ತಾರಾ ಟೀಚರ್? ಸಾಲದ್ದಕ್ಕೆ ಇಳಿದ ತಕ್ಷಣ ಸೊಂಟ ಬಗ್ಗಿಸಿ ಕ್ಷಮೆ ಕೇಳಿದ್ದಾನೆ. ಎದುರು ಅಂಗಡಿಯವರು ನೋಡಿದ್ದಾರೆ."

"ನಾನೂ ಕ್ಷಮೆ ಕೇಳ್ದೆ. ನಮ್ಮ ದೇಶದಲ್ಲಿ ಕಾಲು ತುಳಿಸಿಕೊಂಡವನೇ ಮೊದಲು ಕ್ಷಮೆ ಕೇಳೋದು. ಅದನ್ನ ಸಾಕ್ಷಿ ಅಂತೀಯಲ್ಲ, ಬುದ್ಧಿ ಇದೆಯೇನೋ?"

ಕುರಾಮೊತೊ ತಲೆ ಕೆರೆದುಕೊಂಡ. "ಹಾಗಾದ್ರೆ ನೀವು ಏನು ನೋಡ್ತಿದ್ರಿ?"

"ಮೇಪಲ್ ಮರ. ಎಲೆ ಯಾಕೆ ಬಣ್ಣ ಬದಲಿಸುತ್ತೆ, ಹೇಳು."

ಐವತ್ತು ದಾಟಿದ ಗಂಡಸು ನೆಟ್ಟಗೆ ಕೂತ. "ಚಳಿಗೆ ಹಸಿರು ಕರಗುತ್ತೆ. ಅಡಗಿದ್ದ ಹಳದಿ ಕಾಣುತ್ತೆ. ಕೆಂಪು... ಎಲೆಯಲ್ಲಿ ಉಳಿದ ಸಕ್ಕರೆಯಿಂದ."

"ಪಾಸು. ಆದ್ರೆ ಅದು ತಾನಾಗಿ ಕರಗಲ್ಲ. ಮರವೇ ಹಸಿರನ್ನ ಒಡೆದು, ಬೇಕಾದ ಸತ್ವವನ್ನೆಲ್ಲ ಒಳಗೆ ಎಳ್ಕೊಳ್ಳುತ್ತೆ. ಆಮೇಲೆ ತೊಟ್ಟಿನ ಬುಡದಲ್ಲಿ ಬಾಗಿಲು ಮುಚ್ಚುತ್ತೆ. ನಾವು ಮಾತ್ರ ಗಾಳಿ ಬೀಳಿಸ್ತು ಅಂತೀವಿ. ಆ ಮರ ಒಂದೇ ಮಗ್ಗುಲಲ್ಲಿ ಕೆಂಪಾಗಿತ್ತು. ಎಷ್ಟು ಚೆಂದ ಅಂತೀಯಾ! ನೋಡ್ತಾ ನೋಡ್ತಾ ಕಾರು ಎಡಕ್ಕೆ ಹೋಗಿ, ನಿಂತಿದ್ದ ವ್ಯಾನಿಗೆ ಗುದ್ದಿತು. ಹತ್ತಕ್ಕೆ ಹತ್ತೂ ನನ್ನದು. ಬರಿ."

"ಹಾಗೆ ಬರೆದ್ರೆ ನಿಮ್ಮ ಲೈಸೆನ್ಸಿಗೇ ಕುತ್ತು. ಯಜಮಾನರ ಹತ್ರ ಹೇಗೆ ಹೋಗ್ತೀರಿ? ಸ್ವಲ್ಪ ಯೋಚ್ನೆ ಮಾಡಿ."

"ನೀನು ಹೇಳಿದ ಹಾಗೆ ಬರೆದ್ರೆ ಅರಾಸೆಯ ಕೆಲಸ ಹೋಗುತ್ತಲ್ಲೋ! ನಿನಗೆ ನಾನು ಎಂದಾದ್ರೂ ಪುಕ್ಕಟೆ ಮಾರ್ಕ್ಸ್ ಹಾಕಿದ್ನಾ?"

"ಒಂದೇ ಒಂದು ಸಲನೂ ಇಲ್ಲ" ಎಂದ ಕುರಾಮೊತೊ. ಅವನಿಗೆ ನಗು ಬಂತು. ಇಂಥವರ ಕೈಕೆಳಗೆ ಕಲಿತೆನಲ್ಲ ಎಂಬ ಹೆಮ್ಮೆಯಲ್ಲಿ ಅವನು ಪೆನ್ನು ತೆಗೆದ.

ಅವನು ಬರೆದು ಮುಗಿಸುವಷ್ಟರಲ್ಲಿ ಹಿಸಾನೊ ಅಂಗಳಕ್ಕಿಳಿದಿದ್ದರು. ವಯಸ್ಸಾದ ಚಾಲಕರೆಂದು ಕಾರಿಗೆ ಅಂಟಿಸುವ ಎಲೆಯಾಕಾರದ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತರು. ಯಾರ ಕಾಗದಕ್ಕೂ ಕಾಯದೆ ಲೈಸೆನ್ಸನ್ನು ತಾವೇ ಹಿಂದಿರುಗಿಸಲು ನಿರ್ಧರಿಸಿದ್ದರು. ಬಗ್ಗಿದ ಬಾನೆಟ್ಟನ್ನು ಒಮ್ಮೆ ಸವರಿ, ಮುಖ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಅತ್ತರು.

ಮರುದಿನ ಮಳೆ. ಬಸ್ಸಿಳಿದು ಏರು ಹತ್ತಿ ಆರೈಕೆ ಮನೆ ಮುಟ್ಟುವಾಗ ಸಂಜೆಯ ಊಟದ ಹೊತ್ತು ಮೀರಿತ್ತು. ಯಾರೋ ಉಣಿಸಿದ್ದರು. ತೇಯ್ಜೊ ಕಿಟಕಿಯ ಬಳಿ ಕೂತಿದ್ದರು.

"ಯಾರಮ್ಮ ನೀವು?" ಎಂದರು. ಆಮೇಲೆ ಹಿಸಾನೊರ ಕಾಲು ನೋಡಿ, "ಅಯ್ಯೋ, ನಡ್ಕೊಂಡು ಬಂದ್ರಾ?"

"ಹೂಂ."

"ಯಾರನ್ನ ನೋಡೋಕೆ?"

"ನಮ್ಮ ಮನೆಯವರನ್ನ."

"ಪುಣ್ಯವಂತ" ಎಂದರು ತೇಯ್ಜೊ. ತಮ್ಮ ಟವೆಲ್ ತೆಗೆದುಕೊಂಡು, ಕಷ್ಟಪಟ್ಟು ಬಗ್ಗಿ, ಒದ್ದೆ ಕಾಲುಚೀಲ ಕಳಚಿ ಆಕೆಯ ಪಾದ ಒರೆಸತೊಡಗಿದರು. ಕೆಳಗೆ ಊರಿಗೆ ಮರಳುವ ಕೊನೆಯ ಬಸ್ಸು ಹೊರಟ ಸದ್ದು ಕೇಳಿಸಿತು. ಹಿಸಾನೊ ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.