ದೀಪ ಆರಿದಾಗ ಉದುರಿದ ದುಂಬಿಗಳು

ಐಸ್‌ಲ್ಯಾಂಡಿನ ಜನವರಿಯಲ್ಲಿ ಸೂರ್ಯ ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುವ ನೆಂಟ. ಅವನನ್ನು ನಂಬಿದರೆ ಟೊಮೇಟೊ ಆಗುವುದಿಲ್ಲವೆಂದೇ ಹೆರ್ದಿಸ್ ಗಾಜಿನ ಮನೆಯ ತುಂಬ ದೀಪ ಹಾಕಿಸಿದ್ದಳು. ಅಣ್ಣ ಓದ್ದುರ್ ಬೇಸಿಗೆಯಲ್ಲೇ ಸವಾಲು ಹಾಕಿದ್ದ: "ಚಳಿಗಾಲದಲ್ಲೂ ಬೆಳೀತೀಯಾ? ಬೆಳೆದು ತೋರ್ಸು. ಆಗ್ಲಿಲ್ವೋ, ಗಾಜಿನ ಮನೆ ನನ್ನ ಕುರಿಗಳಿಗೆ." ಅವಳು ಹೂಂ ಅಂದಿದ್ದಳು. ಆ ಮನೆಯವರು ಆಡಿದ ಮಾತಿಗೆ ತಪ್ಪುವವರಲ್ಲ.

ಇವತ್ತು ಸಂಜೆ ಐದಕ್ಕೆ ಹಿಮಗಾಳಿಗೆ ಕರೆಂಟಿನ ತಂತಿ ತುಂಡಾಗಿ ದೀಪಗಳೆಲ್ಲ ಒಮ್ಮೆಗೇ ಆರಿದವು. ಮನೆಯನ್ನು ಬೆಚ್ಚಗಿಡುವ, ನೆಲದ ಬುಗ್ಗೆಯ ಬಿಸಿನೀರು ಕೊಳವೆಯಲ್ಲಿ ತಾನಾಗಿ ಹರಿಯುತ್ತಿತ್ತು, ಗಿಡಕ್ಕೆ ಭಯವಿರಲಿಲ್ಲ. ಆದರೆ ಅವಳು ಗೂಡಿನ ಪೆಟ್ಟಿಗೆಯಲ್ಲಿ ತರಿಸಿ ಬಿಟ್ಟಿದ್ದ, ಹೂವಿನಿಂದ ಹೂವಿಗೆ ಹಾರುತ್ತಿದ್ದ ದುಂಬಿಗಳು ಟಪಟಪನೆ ಉದುರಿದವು. ದಿನಾ ದೀಪ ಆರಿಸುವ ಮೊದಲು ಅವಳು ಅವನ್ನು ಪೆಟ್ಟಿಗೆಗೆ ಸೇರಿಸುತ್ತಿದ್ದಳು. ಬೆಳಕಿಲ್ಲದೆ ಅವಕ್ಕೆ ಗೂಡಿನ ದಾರಿ ತಿಳಿಯದು. ಬೆಳಗಾಗುವಷ್ಟರಲ್ಲಿ ಗಾಜಿನಂಚಿನ ಚಳಿಗೆ ಸತ್ತೇಹೋಗುತ್ತವೆ. ದುಂಬಿಯಿಲ್ಲದೆ ಹೂವು ಕಾಯಿ ಕಟ್ಟುವುದಿಲ್ಲ. ಹಿಮ ಮುಚ್ಚಿದ ರಸ್ತೆ ತೆರೆದು ಹೊಸ ದುಂಬಿಗಳ ಪೆಟ್ಟಿಗೆ ಬರುವಷ್ಟರಲ್ಲಿ ಇದ್ದ ಹೂವೆಲ್ಲ ನೆಲ ಸೇರಿರುತ್ತದೆ.

ಹೆರ್ದಿಸ್ ಟಾರ್ಚ್ ಹಿಡಿದು ಮಂಡಿಯೂರಿದಳು. ಒಂದೊಂದನ್ನೇ ಅಂಗೈಗೆತ್ತಿ, ಬಾಯಿಯ ಬಿಸಿಯುಸಿರು ಕೊಟ್ಟು ಪೆಟ್ಟಿಗೆಗೆ ಬಿಟ್ಟಳು.

ತಂಗಿ ಹೇಗಿದ್ದಾಳೋ ಎಂದು ಓದ್ದುರ್ ಮೈತುಂಬ ಹಿಮ ಹೊತ್ತು ಬಂದ. "ಏನೇ, ಸೂಜಿ ಬಿತ್ತಾ?"

"ದುಂಬಿ ಹೆಕ್ತಿದೀನಿ."

"ಹುಚ್ಚಿ! ಹುಳ ಹೆಕ್ತಾರೇನೇ ಯಾರಾದ್ರೂ? ಏಳು, ಕಾಫಿ ಕುಡಿಯೋಣ."

ಅವಳಿಗೆ ಮೈಯೆಲ್ಲ ಉರಿಯಿತು. "ಸೆಪ್ಟೆಂಬರಲ್ಲಿ ಕುರಿ ಇಳಿಸೋಕೆ ಬೆಟ್ಟಕ್ಕೆ ಹೋದೋನು ಒಂದು ಕುಂಟು ಕುರಿಗೋಸ್ಕರ ಮೂರು ದಿನ ಮಂಜಲ್ಲಿ ಅಲೆದ್ಯಲ್ಲ. ಆಗ ನಾನು ನಕ್ಕಿದ್ನಾ?"

ಓದ್ದುರ್ ಟೋಪಿ ತೆಗೆದಿಟ್ಟು ಪಕ್ಕದ ಸಾಲಿನಲ್ಲಿ ತಾನೂ ಮಂಡಿಯೂರಿದ. ಸ್ವಲ್ಪ ಹೊತ್ತಿಗೆ ಕಿರುಚಿದ: "ಅಯ್ಯೋ, ಕುಟುಕ್ತು ಕಣೇ!"

"ನಿನ್ನ ಟಗರು ಹಾಯೋದೇ ಇಲ್ವೇನೋ?"

ಎಂಟು ಗಂಟೆಗೆ ಪೆಟ್ಟಿಗೆ ತುಂಬ ಗುಂಯ್‌ಗುಡುತ್ತಿತ್ತು. ಇಷ್ಟಿದ್ದರೆ ಬೆಳೆ ಕೈಬಿಡದು. ಹೆರ್ದಿಸ್ ಸೊಂಟ ಹಿಡಿದುಕೊಂಡು ಎದ್ದಳು. "ಸಾಕು, ನಡಿ."

ಓದ್ದುರ್ ಕೊನೆಯ ಸಾಲಿನ ಬುಡದಲ್ಲಿ ಬೋರಲು ಮಲಗಿ ಕಿವಿಗೊಟ್ಟಿದ್ದ. ಬಲಗೈ ಬಾತು ಕೆಂಪಾಗಿತ್ತು. "ಸುಮ್ನಿರು. ಇಲ್ಲೊಂದು ಇನ್ನೂ ಒದ್ದಾಡ್ತಿದೆ."

ಅಣ್ಣನನ್ನು ನೋಡುತ್ತ ಅವಳಿಗೆ ಅಳುವೇ ಬಂತು. "ಅಲ್ಲೋ, ಇವು ಸತ್ತಿದ್ರೆ ಈ ಮನೆ ನಿನ್ನ ಕುರಿಗಳಿಗೇ ಆಗ್ತಿತ್ತಲ್ಲೋ."

"ಗೊತ್ತು," ಎಂದ ಓದ್ದುರ್, ತಲೆಯೆತ್ತದೆ. "ಟಾರ್ಚ್ ಈ ಕಡೆ ಹಿಡಿ."